ವಾಲಗದವರ ನಂಬರು

ಫೆಬ್ರವರಿ 4, ಮಂಗಳವಾರ

ಇವತ್ತಿಂದ ಇಪ್ಪತ್ತೊಂದು ದಿನ ಮಾತಾಡಬಾರದಂತೆ. ಪಿಸುಮಾತೂ ಆಡಬಾರದಂತೆ, ಅದು ಇನ್ನೂ ಕೆಟ್ಟದ್ದಂತೆ. ಮೈಸೂರಿನ ಡಾಕ್ಟ್ರು ಮೂಗಿನೊಳಕ್ಕೆ ಕ್ಯಾಮೆರಾ ವೈರು ಬಿಟ್ಟು ಟಿವಿಯಲ್ಲಿ ತೋರಿಸಿದರು. ನನ್ನ ಗಂಟಲನ್ನ ನಾನೇ ನೋಡಿದೆ. ಎರಡು ಬಿಳೀ ಪಟ್ಟಿ, ಎರಡರ ಮೇಲೂ ಒಂದೊಂದು ಗಂಟು, ಜೋಳದ ಕಾಳಿಗಿಂತ ಸಣ್ಣದು.

"ಕೂಗೀ ಕೂಗೀ ಮಾಡ್ಕೊಂಡಿದ್ದೀರಮ್ಮ. ಕ್ಯಾನ್ಸರ್ ಅಲ್ಲ, ಗಾಬರಿ ಬೇಡ" ಅಂದರು.

ನಾನು ಕೇಳೋಕೆ ಮೊದಲೇ ಯಾಕೆ ಅಲ್ಲ ಅಂದರು? ಬಸ್ಸಲ್ಲಿ ಬರ್ತಾ ಪೂರ್ತಿ ಅದೇ ಯೋಚನೆ. ಇಲ್ಲದೇ ಇರೋ ಕಾಯಿಲೆ ಹೆಸರು ಯಾರಾದರೂ ಎತ್ತುತಾರಾ?

ಮೂರು ವಾರ ಆದ ಮೇಲೆ ಮತ್ತೆ ನೋಡ್ತಾರಂತೆ. ಕರಗಿದ್ದರೆ ಸರಿ, ಇಲ್ಲದಿದ್ದರೆ ಆಪರೇಷನ್ನು. "ಕುಯ್ದ ಮೇಲೆ ಪದ ಹೇಳಕ್ಕಾಯ್ತದಾ ಸಾ?" ಅಂತ ಕೇಳಿದೆ. ನಾನು ಬಾಯಲ್ಲಿ ಆಡಿದ ಕೊನೇ ಮಾತು ಅದು. "ಮಾತು ಬರುತ್ತೆ. ಹಾಡಿನ ವಿಷಯ ಈಗಲೇ ಏನೂ ಹೇಳಲ್ಲ" ಅಂದುಬಿಟ್ಟರು.

ಹೆಡತಲೆ ಮುದ್ದಮ್ಮ ಅಂದರೆ ಸೋಬಾನೆ ಪದ ಅಂತ ಈ ಕಡೆ ಇಪ್ಪತ್ತು ವರ್ಷದಿಂದ ಜನ ಹೇಳ್ತಾರೆ. ಮದುವೆ ಮನೇಲಿ ನಾನು ಮುಂದೆ ಹೇಳಿಕೊಟ್ಟರೆ ಉಳಿದ ಐದು ಜನ ಹಿಂದೆ ಹಿಡೀತಾರೆ. ನನ್ನ ಗಂಟಲು ಮೂರು ಬೀದಿ ದಾಟ್ತದೆ. ಅದೇ ಹೋದರೆ ನಾನು ಇಸ್ಕೂಲಲ್ಲಿ ಬಿಸಿಯೂಟ ಬೇಯಿಸೋ ಒಂದು ಹೆಂಗಸು, ಅಷ್ಟೇ. ಮುದ್ದಮ್ಮ ಅಂತ ಯಾರು ಹುಡುಕ್ಕೊಂಡು ಬರ್ತಾರೆ?

ಈ ನೋಟುಬುಕ್ಕು ಮಗಳು ರಂಜಿನಿದು, ಕಾಲೇಜಲ್ಲಿ ಅರ್ಧ ಬರೆದು ಬಿಟ್ಟಿದ್ದು. "ಮನಸ್ಸಲ್ಲಿ ಇರೋದನ್ನ ಇದ್ರಲ್ಲಿ ಬರಿ ಅವ್ವ. ಇಲ್ದಿದ್ರೆ ಸಂಜೆ ಒಳಗೆ ಬಾಯಿ ತೆಗ್ದುಬಿಡ್ತೀಯ" ಅಂತ ಕೊಟ್ಟಳು. ಬೇರೆಯವರಿಗೆ ಹೇಳೋಕೆ ಸ್ಲೇಟು ತಂದವಳೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು. ನನ್ನ ಅಕ್ಷರ ನನಗೇ ನಾಚಿಕೆ.

ಫೆಬ್ರವರಿ 6, ಗುರುವಾರ

ಇಸ್ಕೂಲಲ್ಲಿ ಸೌಟಲ್ಲಿ ತಟ್ಟೆ ಬಡಿದು ಮಕ್ಕಳನ್ನ ಕರೆದೆ. ಗದರಕ್ಕಾಗಲ್ಲ ಅಂತ ಗೊತ್ತಾದ ಮೇಲೆ ಕೇಳಬೇಕಾ. ನಾಕನೇ ಕ್ಲಾಸಿನವು ಎರಡೆರಡು ಸಲ ಮೊಟ್ಟೆ ಈಸಿಕೊಂಡವು. ಕೊನೇಲಿ ಮೂರು ಮೊಟ್ಟೆ ಸಾಲಲಿಲ್ಲ. ನಾಳೆ ಹೆಡ್‌ಮೇಷ್ಟ್ರು ಕೇಳಿದರೆ ಸ್ಲೇಟಲ್ಲಿ ಏನಂತ ಬರೀಲಿ?

ಪುಟ್ಟಮಾದಮ್ಮ ಬಂದಿದ್ದಳು. ಪದ ಹೇಳುವಾಗ ನನ್ನ ಪಕ್ಕ ಕೂರೋಳು ಅವಳೇ. ಒಂದು ಸೀಸೆ ಜೇನುತುಪ್ಪ ತಂದಿದ್ದಳು.

"ನರಸೀಪುರದ ಮದ್ವೆಗೆ ನಾನೇ ಮುಂದೆ ಯೋಳ್ತೀನಿ ಬುಡಕ್ಕ. ನೀನು ಬಂದು ಸುಮ್ಕೆ ಕೂತ್ಕೊ. ನಿನ್ ಮಕ ಕಂಡ್ರೆ ನಂಗೆ ಧೈರ್ಯ."

ಸ್ಲೇಟಲ್ಲಿ ಬರೆದು ತೋರಿಸಿದೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, "ನಂಗೆ ಓದಕ್ ಬತ್ತದಾ? ಬಾಯಲ್ಲಿ ಯೋಳು" ಅಂದಳು. ಆಮೇಲೆ ಅವಳಿಗೇ ನಗು ತಡೀಲಿಲ್ಲ. ನನಗೆ ನಗಕ್ಕೂ ಭಯ. ನಗೋದೂ ಶಬ್ದ ತಾನೆ?

ನಾನು ಬರೆದಿದ್ದು, "ಮೇಲೆ ಎತ್ಕೋಬೇಡ, ಕೆಳಗಿಂದ ಶುರು ಮಾಡು" ಅಂತ. ಅವಳು ಯಾವತ್ತೂ ಎತ್ತರಕ್ಕೆ ಹಿಡಿದು ಮಧ್ಯದಲ್ಲಿ ಕೈ ಬಿಡೋಳು. ಅದಕ್ಕಿಂತ ದೊಡ್ಡ ಯೋಚನೆ ಒಂದಿದೆ, ಬರೆಯೋಕೂ ಸಣ್ಣತನ. ಅವಳು ಚೆನ್ನಾಗಿ ಹೇಳಿಬಿಟ್ಟರೆ?

ಫೆಬ್ರವರಿ 9, ಭಾನುವಾರ

ನರಸೀಪುರದಿಂದ ಈಗ ತಾನೇ ಬಂದೆವು. ನಾಳೆಯಿಂದ ಕುಂಭಮೇಳ ಅಂತ ಬಸ್ಸಲ್ಲಿ ಕಾಲಿಡಂಗಿರಲಿಲ್ಲ. ಇನ್ನೂ ಬಿಸಿಲಿದೆ, ಪಾತ್ರೆ ಹಂಗೇ ಬಿದ್ದವೆ, ಆದರೂ ಮೊದಲು ಬರೆದುಬಿಡ್ತೀನಿ.

ಪುಟ್ಟಮಾದಮ್ಮ ನಾನು ಅಂದುಕೊಂಡಂಗೇ ಎತ್ತರಕ್ಕೆ ಹಿಡಿದಳು. ಹಿಂದಿನವರು ಏದುಸಿರು ಬಿಟ್ಟರು. ನಾನು ಸೆರಗು ಕಚ್ಚಿಕೊಂಡು ಕೂತೆ. ಅಷ್ಟರಲ್ಲಿ ವಾಲಗದವರು ನಾದಸ್ವರ ಊದಕ್ಕೆ ಹಿಡಿದರು, ಪದ ಮುಳುಗೇ ಹೋಯಿತು. ಛತ್ರದಲ್ಲಿ ನಮಗೂ ವಾಲಗದವರಿಗೂ ಯಾವತ್ತೂ ಆಗಿಬಂದಿಲ್ಲ. ಮೈಕು ಅವರ ಮುಂದೆ ಇರ್ತದೆ. ನಮಗೆ ಚಾಪೆ. ನಾನು ಕೈಯೆತ್ತಿ "ನಿಲ್ಸ್ರಪ್ಪಾ, ನಮ್ ಪದ ಆಗ್ಲಿ" ಅಂತ ಗದರಿಕೊಂಡೇ ಬಂದಿದ್ದೀನಿ. ನಿಲ್ಲಿಸದೇ ಇದ್ದರೆ ಅವರ ಮೇಲೆ ಹೋಗಂಗೆ ಹಾಡ್ತೀನಿ. ಡಾಕ್ಟ್ರು "ಕೂಗೀ ಕೂಗೀ" ಅಂದಾಗ ನನಗೆ ಮೊದಲು ಕಣ್ಣ ಮುಂದೆ ಬಂದದ್ದು ಆ ವಾಲಗವೇ. ನನ್ನ ಗಂಟಲು ತಿಂದದ್ದು ಅದೇ.

ಧಾರೆ ಮುಗೀತು, ಎಲ್ಲರೂ ಊಟಕ್ಕೆ ನುಗ್ಗಿದರು. ನಾನು ಮೊದಲನೇ ಪಂಕ್ತಿಗೆ ಹೋಗಲಿಲ್ಲ. ಹೋದರೆ ಒಬ್ಬೊಬ್ಬರೂ "ಏನಾಯ್ತಕ್ಕ ಗಂಟ್ಲಿಗೆ" ಅಂತಾರೆ, ನಾನು ಕೈ ಬಾಯಿ ಆಡಿಸಬೇಕು, ಅವರು ಅಯ್ಯೋ ಅನ್ನಬೇಕು. ಕಂಬದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ.

ಛತ್ರದಲ್ಲಿ ಬರೀ ಖಾಲಿ ಕುರ್ಚಿ. ವಾಲಗದವರು ಮಾತ್ರ ಇದ್ದರು. ಡೋಲಿನವನು ಮೊಬೈಲು ನೋಡ್ತಿದ್ದ. ಊದೋರು ಒಬ್ಬರೇ ಊದ್ತಾ ಇದ್ದರು. ಐವತ್ತೈದು ಇರಬಹುದು, ಕನ್ನಡಕ ಹಾಕಿದ ಸಣಕಲು ಮನುಷ್ಯ. ಮೈಕು ಆಫ್ ಆಗಿತ್ತು. ಯಾರಿಗೆ ಊದ್ತಾವ್ರೆ ಅಂತ ನೋಡಿದೆ. ಯಾರಿಗೂ ಅಲ್ಲ.

ಯಾರೇ ಹಾಡಲಿ, ಉಸಿರು ಎಲ್ಲಿ ತಗೋತಾರೆ ಅಂತ ನಾನು ಕಾಯ್ತೀನಿ, ಅದು ನನ್ನ ಚಾಳಿ. ನಾನಾದರೆ ಪದದ ಒಂದೊಂದು ಸೊಲ್ಲು ಮುಗಿದ ಕಡೆ ತಗೋತೀನಿ, ದೂರದಲ್ಲಿ ಕೂತೋರಿಗೂ ಕೇಳಿಸ್ತದೆ. ಇವರದ್ದಕ್ಕೂ ಕಾದೆ. ಈಗ ಬರ್ತದೆ, ಈಗ ಬರ್ತದೆ ಅಂತ. ಬರಲಿಲ್ಲ. ಒಂದೇ ಎಳೆ, ರಾಗಿ ಮುದ್ದೆ ತೊಳಸೋವಾಗ ಕೋಲು ಪಾತ್ರೆ ಬಿಡದಂಗೆ, ನಿಧಾನವಾಗಿ ಸುತ್ತುತಾ ಸುತ್ತುತಾ ಹೋಯಿತು. ಅದರಲ್ಲಿ ಒಂದು ಮಾತಿಲ್ಲ. ಯಾರ ಮದುವೆ, ಯಾರ ಮಗಳು, ಏನೂ ಇಲ್ಲ. ಮಾತಿಲ್ಲದೇ ಇರೋದನ್ನ ಪದ ಅಂತ ನಾನು ಯಾವತ್ತೂ ಒಪ್ಪಿದವಳಲ್ಲ.

ಮಧ್ಯದಲ್ಲಿ ಗಂಡಿನ ಕಡೆ ಹುಡುಗರು ಬಂದು ಯಾವುದೋ ಸಿನಿಮಾ ಹಾಡು ಊದಿ ಅಂದರು. ಮುಖ ಸಿಂಡರಿಸದೆ ಊದಿದರು. ಹುಡುಗರು ಕುಣಿದು ಊಟಕ್ಕೆ ಹೋದರು. ಇವರು ಬಾಯಿಗಿಟ್ಟುಕೊಳ್ಳೋ ಆ ಸಣ್ಣ ಪೀಪಿಯನ್ನ ಒರೆಸಿ, ಮತ್ತೆ ಮೊದಲಿನದಕ್ಕೇ ಬಂದರು. ಶುರುವಿಂದಲ್ಲ. ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ.

ನನ್ನ ಮೈ ಜುಂ ಅಂತು. ಸಿಟ್ಟೂ ಬಂತು. ಇವರು ಇಷ್ಟು ವರ್ಷವೂ ಹಿಂಗೇ ಊದ್ತಿದ್ದರಾ? ಹಂಗಾದರೆ ನಾನು ಏನು ಕೇಳ್ತಿದ್ದೆ?

ಊಟದ ಹೊತ್ತಿಗೆ ಹೋಳಿಗೆ ಮುಗಿದಿತ್ತು. ಹೊರಗೆ ಬರುವಾಗ ಡೋಲಿನವನು ಎಲ್ಲರ ಕೈಗೂ ಒಂದೊಂದು ಕಾರ್ಡು ಕೊಟ್ಟ, ನನಗೂ ಕೊಟ್ಟ. ಸೋಮಶೇಖರ್ ಮತ್ತು ತಂಡ, ವಾಲಗದವರು, ಟಿ. ನರಸೀಪುರ. ಕೆಳಗೆ ನಂಬರು.

ಫೆಬ್ರವರಿ 11, ಮಂಗಳವಾರ

ನಮ್ಮ ಯಜಮಾನರ ತಮ್ಮ ಮಾದು ಬಂದಿದ್ದ. ಅವನ ಮಗಳು ಸಿಂಧು ಮದುವೆ ಮಾರ್ಚ್ ಎರಡಕ್ಕೆ, ಬಿಳಿಗೆರೆಯಲ್ಲಿ.

"ನಾನು ಬುದ್ಧವಂದನೆ ಮಾಡ್ಸಿ ಗಂಡು ಹೆಣ್ಣಿಗೆ ಆರ ಆಕ್ಸುಬುಡವಾ ಅಂತಿದ್ದೆ ಅತ್ಗೆ. ಬೀಗರು ಕೇಳ್ತಿಲ್ಲ. ವಾಲಗ ಬೇಕೇ ಬೇಕಂತೆ. ನಿಮ್ಗೆ ಛತ್ರದೋರೆಲ್ಲ ಗೊತ್ತಲ್ಲ, ಯಾರಾದ್ರೂ ಅವ್ರಾ?"

ಇಪ್ಪತ್ತು ವರ್ಷ ಜಗಳ ಆಡಿದವಳನ್ನೇ ಕೇಳ್ತಾನೆ! ನಾನು ಎದ್ದು ಹೋಗಿ ಡಬ್ಬಿಯಿಂದ ಕಾರ್ಡು ತಂದು ಕೊಟ್ಟೆ. ಅವನು ನಂಬರು ಬರೆದುಕೊಂಡು ಹೋದ. ಹೋದ ಮೇಲೆ ದಿಗಿಲು ಹಿಡೀತು. ಕಾರ್ಡಲ್ಲಿ ಕೊನೇ ಅಂಕಿ ಮೂರೋ ಎಂಟೋ, ಮಸಿ ಹರಡಿತ್ತು. ತಪ್ಪು ನಂಬರಾಗಿ ಬೇರೆ ಯಾರನ್ನಾದರೂ ಗೊತ್ತು ಮಾಡಿಬಿಟ್ಟರೆ? ಸರಿ ಇದೆಯಾ ನೋಡೋಣ ಅಂತ ನಾನೇ ಮಾಡಿದೆ. ರಿಂಗಾದರೆ ಸಾಕು, ಕಟ್ ಮಾಡೋದು ಅಂತ.

ರಿಂಗೇ ಆಗಲಿಲ್ಲ. ಟ್ರಿಂಗ್ ಟ್ರಿಂಗ್ ಬದಲು ವಾಲಗ ಬಂತು. ಅವರದ್ದೇ, ಗುರುತು ಸಿಕ್ಕಿತು. ಅವತ್ತು ಖಾಲಿ ಛತ್ರದಲ್ಲಿ ಊದಿದ್ದೇ. ಫೋನನ್ನ ಕಿವಿಗೆ ಒತ್ತಿಕೊಂಡು ನಿಂತೆ, ಹಾಲು ಉಕ್ಕಿ ಒಲೆ ಮೇಲೆ ಹರೀತು. "ಹಲೋ" ಅಂದರು. ಕಟ್ ಮಾಡಿದೆ.

ನಂಬರು ಸರಿ ಇದೆ.

ಫೆಬ್ರವರಿ 13, ಗುರುವಾರ

ನಿನ್ನೆ ಎರಡು ಸಲ. ಇವತ್ತು ಮೂರು ಸಲ.

ಬೆಳಿಗ್ಗೆ ಮಾಡಿದರೆ ಬೇಗ ಎತ್ತುತಾರೆ, ಸ್ವಲ್ಪವೂ ಕೇಳಲ್ಲ. ಹನ್ನೊಂದು ಗಂಟೆ ಮೇಲೆ ಮಾಡಿದರೆ ಛತ್ರದಲ್ಲಿ ಇರ್ತಾರೆ, ಎತ್ತಲ್ಲ. ಆಗ ಪೂರ್ತಿ ಕೇಳ್ತದೆ, ಫೋನ್ ಕಂಪನಿ ಹೆಂಗಸು "ಉತ್ತರಿಸುತ್ತಿಲ್ಲ" ಅನ್ನೋವರೆಗೂ. ಗೋಡೆ ಕ್ಯಾಲೆಂಡರಲ್ಲಿ ಮದುವೆ ಮುಹೂರ್ತ ಯಾವತ್ತಿದೆ ಅಂತ ನೋಡಿ ಇಟ್ಟುಕೊಂಡೆ. ನಾಳೆ ಇಲ್ಲ.

ಇದು ಕಳ್ಳತನವಾ? ಫೋನಿನ ದುಡ್ಡು ಹೋಗಲ್ಲ. ಆದರೂ ಪಾಪ, ಅವರಿಗೆ ತೊಂದರೆ. ರಂಜಿನಿಗೆ ಹೇಳಬೇಕು. ಹೇಳಿದರೆ ನಗ್ತಾಳೆ. ನಗಲಿ ಅಂದರೆ, ಅವಳು ಅವರಪ್ಪನಿಗೆ ಹೇಳ್ತಾಳೆ.

ಫೆಬ್ರವರಿ 14, ಶುಕ್ರವಾರ

ಇಸ್ಕೂಲಿಗೆ ಒಂದಿನ ರಜ ಹಾಕಿದ್ದೆ. ನಂಜನಗೂಡು ಬಸ್ ಸ್ಟ್ಯಾಂಡಲ್ಲಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದೆ, ಫೋನು ಬಂತು. ಅವರದ್ದೇ ನಂಬರು. ಯಾಕೆ ಎತ್ತಿದೆನೋ ಗೊತ್ತಿಲ್ಲ. ವಾಲಗ ಕೇಳ್ತದೆ ಅಂದುಕೊಂಡೆನಾ? ಅವರು ಮಾಡಿದರೆ ನನಗೆಲ್ಲಿ ಕೇಳ್ತದೆ! ಅಷ್ಟೂ ಬುದ್ಧಿ ಇಲ್ಲ.

"ಯಾರ್ರೀ ಇದು? ಆರು ಸಲ ಮಾಡಿದ್ದೀರ. ಮದುವೆನಾ, ಗೃಹಪ್ರವೇಶನಾ? ಬಾಯಿಬಿಟ್ಟು ಹೇಳಿ."

ನಾನು ಉಸಿರು ಬಿಡ್ತಾ ನಿಂತೆ. ಅವರು ದನಿ ತಗ್ಗಿಸಿ ಕೇಳಿದರು.

"ನೋಡಿ, ನಮ್ಮ ಹುಡುಗನಿಗೆ ಹೆಣ್ಣು ನೋಡ್ತಾ ಇದ್ದೀವಿ. ಅದ್ರ ವಿಚಾರವಾ? ಹುಡುಗನ ಬಗ್ಗೆ ಗುಟ್ಟಲ್ಲಿ ತಿಳ್ಕೊಳ್ಳೋದಾದ್ರೆ ತಿಳ್ಕೊಳ್ಳಿ, ತಪ್ಪಿಲ್ಲ. ಅವ್ನು ಕುಡಿಯಲ್ಲ. ಡೋಲು ಬಾರಿಸ್ತಾನೆ. ಬೇಕಾದ್ರೆ ಮನೆಗೇ ಬನ್ನಿ."

ಕಟ್ ಮಾಡಿ, ಎದುರಿಗೆ ಬಂದ ಬಸ್ಸು ಹತ್ತಿಬಿಟ್ಟೆ. ಅದು ಕವಲಂದೆ ಬಸ್ಸು. ಊರು ದಾಟಿದ ಮೇಲೆ ಗೊತ್ತಾಯಿತು. ಸ್ಲೇಟು ಮನೇಲಿ. ಕಂಡಕ್ಟರಿಗೆ ಕೈಸನ್ನೆ ಮಾಡಿದರೆ ಅವನು "ಮೂಗಿ ಕಣ್ರೀ ಪಾಪ, ಸೀಟು ಬಿಡಿ" ಅಂತ ಕಿಟಕಿ ಪಕ್ಕ ಕೂರಿಸಿದ. ಕವಲಂದೆ ನೋಡಿಕೊಂಡು ಬಂದೆ. ಮನೆ ಸೇರಿದಾಗ ಮೂರು ಗಂಟೆ, ಸೊಪ್ಪೆಲ್ಲ ಬಾಡಿ ಹೋಗಿತ್ತು.

ಹತ್ತು ದಿನ ಆಯಿತು. ಇನ್ನು ಹನ್ನೊಂದು.

ಫೆಬ್ರವರಿ 16, ಭಾನುವಾರ

ಆಗಬಾರದ್ದು ಆಯಿತು. ಅಷ್ಟು ಹೆದರಿಕೊಂಡರೂ ನಿನ್ನೆ ತಡೀಲಾರದೆ ಮತ್ತೆ ಮತ್ತೆ ಮಾಡಿಬಿಟ್ಟಿದ್ದೆ. ಯಜಮಾನರು ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ, ಭಾನುವಾರ ಮನೇಲಿರ್ತಾರೆ. ರೀಚಾರ್ಜ್ ಮಾಡಿಸಬೇಕು ಅಂತ ನನ್ನ ಫೋನು ಈಸಿಕೊಂಡರು. ನಡುಮನೇಲಿ ಕೂತು ಒತ್ತಿ ಒತ್ತಿ ನೋಡಿದರು.

"ಬಾಮ್ಮಿ ಇಲ್ಲಿ" ಅಂದರು. "ಇದ್ಯಾರ ನಂಬರು? ಅದಿನೇಳು ಸಲ ಮಾಡಿದ್ದೀಯ. ಡಾಕ್ಟ್ರು ಮಾತಾಡಬ್ಯಾಡ ಅಂತ ಯೋಳವ್ರೆ. ಮಾತಾಡ್ದಲೇ ಅದಿನೇಳು ಕಾಲಾ?"

ನಾನು ಸ್ಲೇಟು ತಗೊಂಡೆ. ಸ್ಲೇಟು ಸಾಲಲಿಲ್ಲ, ನೋಟುಬುಕ್ಕಿನ ಹಿಂದಿನ ಹಾಳೆ ಕಿತ್ತು ಬರೆದೆ. ನರಸೀಪುರ, ಛತ್ರ, ಖಾಲಿ ಕುರ್ಚಿ, ಉಸಿರು, ಎಲ್ಲ. ಎರಡೂ ಕಡೆ ತುಂಬಿತು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಅರ್ಧದಲ್ಲಿ ನಿಲ್ಲಿಸಿದರು.

"ನಿನ್ ಅಕ್ಷರ ನಂಗೆ ತಿಳಿಯಲ್ಲ. ಸೋಮಶೇಖರು ಅಂತ ಅದೆ, ಅದೊಂದು ತಿಳೀತು. ಮಿಕ್ಕಿದ್ದ ನೀನು ಬಾಯಿ ಬಂದ್ಮೇಲೆ ಯೋಳು. ಅಲ್ಲೀಗಂಟ ನಾನೂ ಮಾತಾಡಲ್ಲ."

ಮನೇಲಿ ಇಬ್ಬರು ಮೂಕರಾದರೆ ಹೆಂಗೆ? ನನಗೆ ಅಳು ಬಂತು. ಅಳೋಕೂ ಗಂಟಲು ಬೇಕು, ತಡಕೊಂಡೆ. ಆಗ ರಂಜಿನಿ ಒಳಗಿಂದ ಬಂದು ಫೋನು ಕಿತ್ತುಕೊಂಡು, ಸ್ಪೀಕರ್ ಹಾಕಿ ಆ ನಂಬರಿಗೆ ಮಾಡಿಯೇಬಿಟ್ಟಳು. ವಾಲಗ ಶುರುವಾಯಿತು. ನಡುಮನೆ ತುಂಬಾ ವಾಲಗ.

"ಇದ್ನ ಕೇಳಕ್ಕೆ ಕಣಪ್ಪ. ಅಷ್ಟೇಯ" ಅಂದಳು. ಅವಳಿಗೆ ಮೊದಲೇ ಗೊತ್ತಿತ್ತು!

"ಇದ್ಕಾ?" ಅಂದರು ಅವರು. ಅಷ್ಟರಲ್ಲಿ ಅತ್ತ ಎತ್ತಿದರು. "ಯಾರ್ರೀ, ಇವತ್ತಾದ್ರೂ ಬಾಯಿ ಬಿಡಿ" ಅಂತ ಶುರು ಮಾಡಿದರು. ಯಜಮಾನರೇ ಮಾತಾಡಬೇಕಾಯಿತು.

"ಸಾ, ನಾನು ಎಡತಲೆ ಶಿವಮೂರ್ತಿ ಅಂತ. ಮಾಡಿದ್ದು ನಮ್ಮನೆಯೋರು ಸಾ. ಹೆಣ್ಣಿನ ಇಚಾರ ಅಲ್ಲ... ಅದು, ನಿಮ್ ಫೋನು ರಿಂಗಾಗೋ ಬದ್ಲು ವಾಲಗ ಬತ್ತದಲ್ಲ, ಅದ ಕೇಳಕ್ಕೆ ಮಾಡೋಳಂತೆ. ಡಾಕ್ಟ್ರು ಮಾತಾಡಬ್ಯಾಡ ಅಂದವ್ರೆ ಸಾ, ಅದ್ಕೆ ಬಾಯಿ ಬಿಟ್ಟಿಲ್ಲ."

ಅತ್ತ ಕಡೆಯವರು ಕೇಳಿದರು, "ಹೆಡತಲೆ ಅಂದ್ರಾ? ಸೋಬಾನೆ ಹೇಳೋ ಅಮ್ಮನಾ? ಕೈಯೆತ್ತಿ ನಮ್ಮನ್ನ ಗದರ್ಸೋರು?"

"ಊಂ ಸಾ, ಅವ್ಳೇಯ."

"ಅಯ್ಯೋ ಶಿವನೇ. ಮೊನ್ನೆ ಬೇರೆಯವ್ರು ಹೇಳ್ತಿದ್ರಲ್ಲ, ಯಾಕೆ ಅಂತಿದ್ದೆ. ಬೇಗ ವಾಸಿ ಮಾಡ್ಕೊಳ್ಳಕ್ಕೆ ಹೇಳಿ ಸ್ವಾಮಿ. ಆ ಯಮ್ಮ ನಿಲ್ಸಿ ಅಂದಾಗ್ಲೇ ನನಗೆ ಒಂದು ಲೋಟ ನೀರು ಕುಡಿಯಕ್ಕೆ ಬಿಡುವು ಸಿಗ್ತಿದ್ದಿದ್ದು."

ಯಜಮಾನರು ನಕ್ಕುಬಿಟ್ಟರು. ಫೋನು ಇಟ್ಟ ಮೇಲೂ ನಗ್ತಿದ್ದರು. ಹೊರಗೆ ಹೋಗೋವಾಗ, "ಆಪಾಟಿ ಚೆನ್ನಾಗೇನಿಲ್ಲ ಬುಡು" ಅಂದರು. ಸಂಜೆ ನಾನು ಹಿಟ್ಟು ತೊಳಸ್ತಿದ್ದಾಗ ತಾವೇ ಫೋನು ತಂದು ಪಕ್ಕಕ್ಕೆ ಇಟ್ಟರು.

ಫೆಬ್ರವರಿ 19, ಬುಧವಾರ

ಎಲ್ಲ ಹಾಳು ಮಾಡಿಕೊಂಡೆ.

ಬಟ್ಟೆ ಒಗೀತಿದ್ದೆ. ರಂಜಿನಿ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಅವ್ವ, ಏನ್ ಮಾಡ್ತಿದ್ದೀಯ? ಗುನುಗ್ತಿದ್ದೀಯ ನೀನು!"

ನಾನು ಇಲ್ಲ ಅಂತ ತಲೆ ಆಡಿಸಿದೆ. "ಗುನುಗ್ತಿದ್ದೆ. ನಿನ್ನೆನೂ ಕೇಳ್ಸಿತು, ಪಕ್ಕದ್ಮನೆ ರೇಡಿಯೋ ಅನ್ಕೊಂಡೆ. ಆ ವಾಲಗದ್ದೇ."

ನನಗೆ ಗೊತ್ತೇ ಇಲ್ಲ. ದೇವರಾಣೆಗೂ ಗೊತ್ತಿಲ್ಲ. ಎಷ್ಟು ದಿನದಿಂದ ಗುನುಗ್ತಾ ಇದ್ದೀನಿ? ಇಸ್ಕೂಲಲ್ಲೂ ಮಾಡಿರಬಹುದಾ? ಹದಿನೈದು ದಿನ ನುಂಗಿಕೊಂಡ ಮಾತೆಲ್ಲ ನೀರಲ್ಲಿ ಹೋಮ ಆಯಿತು. ಜೋಳದ ಕಾಳು ಈಗ ಕಡಲೆ ಕಾಳಾಗಿರ್ತದೆ. ಕುಯ್ತಾರೆ.

ಫೋನಿಂದ ಆ ನಂಬರು ಅಳಿಸಿದೆ. ಅಳಿಸಿ ಏನು ಬಂತು, ಬಾಯಿಪಾಠ ಆಗಿದೆ.

ಫೆಬ್ರವರಿ 20, ಗುರುವಾರ

ಬಾಯಿಗೆ ಕರ್ಚೀಫು ಕಟ್ಟಿಕೊಂಡು ಅಡುಗೆ ಮಾಡಿದೆ. ಮಕ್ಕಳು ಕೊರೋನಾ ಬಂತಾ ಅಂತ ಕೇಳಿದವು.

ಫೆಬ್ರವರಿ 22, ಶನಿವಾರ

ಒಂದು ಕಡೆ ಕೂರಕ್ಕಾಗಲ್ಲ. ಹಿತ್ತಲಿಗೆ ಹೋಗ್ತೀನಿ, ಬರ್ತೀನಿ. ಡಾಕ್ಟ್ರಿಗೆ ಗುನುಗಿದ್ದು ಹೇಳಬೇಕಾ ಬೇಡವಾ? ಹೇಳದೇ ಇದ್ದರೆ ಕ್ಯಾಮೆರಾದಲ್ಲಿ ಗೊತ್ತಾಗ್ತದಾ?

ಪುಟ್ಟಮಾದಮ್ಮ ಬಂದು ಸಿಂಧು ಮದುವೆಗೆ ಯಾವ ಯಾವ ಪದ ಅಂತ ಕೇಳಿದಳು. ಅವಳು ಹೇಳ್ತಾ ಹೋದಳು, ನಾನು ತಲೆ ಆಡಿಸ್ತಾ ಹೋದೆ. ಹಸೆಗೆ ಕರೆಯೋ ಪದ ಹೇಳಿ ತೋರಿಸಿದಳು. ಮತ್ತೆ ಎತ್ತರ. ಕೈಯನ್ನ ಕೆಳಗೆ ಕೆಳಗೆ ಅಂತ ಒತ್ತಿ ತೋರಿಸಿದೆ. ಇಳಿಸಿಕೊಂಡಳು. ಆಮೇಲೆ ಅವಳ ಹೊಟ್ಟೆ ಮೇಲೆ ಕೈಯಿಟ್ಟು, ಸೊಲ್ಲು ಮುಗಿಯೋಕೆ ಮೊದಲೇ, ಯಾರಿಗೂ ತಿಳಿಯದ ಕಡೆ, ಸ್ವಲ್ಪವೇ ಉಸಿರು ತಗೋ ಅಂತ ತಟ್ಟಿದೆ. ನಾಕು ಸಲ ಆದ ಮೇಲೆ ಹಿಡಿದುಕೊಂಡಳು.

"ಇದ್ಯಾರಕ್ಕ ನಿಂಗೆ ಯೋಳ್ಕೊಟ್ಟಿದ್ದು? ನೀನೇ ಇಂಗೆ ಯೋಳಲ್ವಲ್ಲ!"

ಚೆನ್ನಾಗಿ ಬಂತು. ಬಹಳ ಚೆನ್ನಾಗಿ ಬಂತು. ಕಾಫಿ ಕೊಟ್ಟು ಕಳಿಸಿದೆ.

ಮಂಗಳವಾರ ಯಾವಾಗ ಬರ್ತದೋ.

ಫೆಬ್ರವರಿ 25, ಮಂಗಳವಾರ

ಮೈಸೂರಿಗೆ ಹೋಗಿ ಬಂದೆವು. ವೈರು ಬಿಟ್ಟರು. ಡಾಕ್ಟ್ರು ಟಿವಿ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ, "ಈ ಅನ್ನಿ" ಅಂದರು.

ನನ್ನ ಬಾಯಿ ತೆರೀಲಿಲ್ಲ. ಬರದೇ ಹೋದರೆ? ಅನ್ನದೇ ಇದ್ದಷ್ಟು ಹೊತ್ತು ಇದೆ ಅಂತಾದರೂ ಇರ್ತದೆ. ಯಜಮಾನರು ಹಿಂದಿನಿಂದ "ಅನ್ನಮ್ಮಿ" ಅಂದರು. ಅಂದೆ. ತವಲೆ ಒಳಗಿಂದ ಬಂದಂಗೆ ಬಂತು, ದಪ್ಪಗೆ, ಅರ್ಧ ಗಾಳಿ.

ಒಂದು ಕಡೆ ಗಂಟು ಕರಗಿದೆಯಂತೆ. ಇನ್ನೊಂದು ಕಡೆ ಅರ್ಧ ಉಳಿದಿದೆಯಂತೆ. ಸದ್ಯಕ್ಕೆ ಆಪರೇಷನ್ನು ಬೇಡ. ನಾನು ತಡೀಲಾರದೆ ಸ್ಲೇಟಲ್ಲಿ ಬರೆದು ತೋರಿಸಿದೆ, ಗುನುಗಿಬಿಟ್ಟೆ ಸಾ ಅಂತ. ಡಾಕ್ಟ್ರು ಬಯ್ದರು. "ನೀವುಗಳು ಹೇಳಿದ್ದು ಒಂದೂ ಕೇಳಲ್ಲ" ಅಂದರು. ಬಾಯಿ ಮುಚ್ಚಿ ಮೆಲ್ಲಗೆ ಗುನುಗಿದ್ದರಿಂದ ಅಷ್ಟೇನೂ ಕೆಟ್ಟಿಲ್ಲವಂತೆ. ಕೂಗಿದ್ದರೆ ಕೆಡ್ತಿತ್ತಂತೆ.

ಇನ್ನು ಒಂದು ತಿಂಗಳು ದಿನಕ್ಕೆ ಹತ್ತು ನಿಮಿಷ ಮಾತು, ಅದೂ ಮೆಲ್ಲಗೆ. ಮುಂದೆ ಯಾವತ್ತೂ ಜನದ ಗದ್ದಲದ ಮೇಲೆ ಕೂಗಿ ಹಾಡಂಗಿಲ್ಲ. "ಮೊದಲಿನ ಸ್ವರ ಬತ್ತದಾ ಸಾ?" ಅಂತ ಬಾಯಲ್ಲೇ ಕೇಳಿದೆ.

"ಸ್ವರ ಇರುತ್ತಮ್ಮ. ಮೊದಲಿನದು ಅಂತ ಮಾತು ಕೊಡಲ್ಲ."

ಬಸ್ಸಲ್ಲಿ ಯಜಮಾನರು "ಏನಾರ ಮಾತಾಡು, ಅತ್ತು ನಿಮಿಷ ಅದಲ್ಲ" ಅಂದರು. ನಂಜನಗೂಡು ಸೇತುವೆ ದಾಟೋವರೆಗೂ ಹೊರಗೆ ನೋಡ್ತಾ ಕೂತಿದ್ದೆ. ನಾಳೆ ಶಿವರಾತ್ರಿ, ಹೊಳೆ ಹತ್ತಿರ ಆಗಲೇ ಜನ.

ಮಾರ್ಚ್ 2, ಭಾನುವಾರ

ಸಿಂಧು ಮದುವೆ ಆಯಿತು. ಬಿಳಿಗೆರೆಯ ಆ ಭವನದಲ್ಲಿ ಫ್ಯಾನೇ ತಿರುಗಲಿಲ್ಲ, ಹೆಣ್ಣಿಗೆ ಬೆವರೋ ಬೆವರು. ಮಾದು ಬುದ್ಧವಂದನೆಯನ್ನೂ ಮಾಡಿಸಿದ, ವಾಲಗವನ್ನೂ ಹಿಡಿಸಿದ. ಎರಡಕ್ಕೂ ಬೀಗರು ಸುಮ್ಮನಿದ್ದರು.

ವಾಲಗ ಸೋಮಶೇಖರ್ ಅವರದ್ದೇ. ನನ್ನನ್ನ ನೋಡಿ ಪೀಪಿ ಬಾಯಲ್ಲಿ ಇದ್ದಂಗೇ ತಲೆ ಬಗ್ಗಿಸಿದರು. ನಾನು ತಿರುಗಿ ನೋಡಿದೆ, ಹಿಂದೆ ಇನ್ನಾರಾದರೂ ಇದ್ದಾರಾ ಅಂತ.

ಹೆಣ್ಣು ಗಂಡು ಇಬ್ಬರನ್ನೂ ಹಸೆಮಣೆಗೆ ಕರೆಯೋ ಹೊತ್ತಾಯಿತು. ನಮ್ಮವರೆಲ್ಲ ನನ್ನ ಮುಖ ನೋಡಿದರು. "ಒಂದೇ ಒಂದು ಸೊಲ್ಲು ನೀನು ಎತ್ಕೊಡಕ್ಕ, ಶಾಸ್ತ್ರಕ್ಕೆ" ಅಂದಳು ಪುಟ್ಟಮಾದಮ್ಮ. ನಾನು ಅವಳ ಬೆನ್ನು ತಟ್ಟಿ ಮುಂದಕ್ಕೆ ಕೂರಿಸಿದೆ. ಕೈಯೆತ್ತೋಕೆ ಮೊದಲೇ ವಾಲಗ ನಿಂತಿತ್ತು. ಸೋಮಶೇಖರ್ ಅವರು ಲೋಟದಲ್ಲಿ ನೀರು ಹಿಡಿದುಕೊಂಡು ಕೇಳ್ತಾ ಕೂತರು.

ಪುಟ್ಟಮಾದಮ್ಮ ಕೆಳಗಿಂದ ಹಿಡಿದಳು. ಉಸಿರೂ ಸರಿಯಾಗಿ ತಗೊಂಡಳು. ಮೂರು ಸೊಲ್ಲು ಚೆನ್ನಾಗಿ ಆಯಿತು. ಆಮೇಲೆ ಬೀಗಿತ್ತಿ ಯಾರೋ ಮಧ್ಯ ಹಾಯ್ದರು, ಇವಳು ಕಂಗಾಲಾಗಿ ನಾಕನೇದು ಬಿಟ್ಟು ಐದಕ್ಕೆ ಹಾರಿದಳು. ಹಿಂದಿನವರೂ ಹಿಡಿದುಕೊಂಡು ಹೋದರು. ಹಿಂದೆಲ್ಲ ಆಗಿದ್ದರೆ ನಾನು ಅಲ್ಲೇ ನಿಲ್ಲಿಸಿ ಗದರಿ ಮೊದಲಿಂದ ಹೇಳಿಸ್ತಿದ್ದೆ. ಅಷ್ಟು ಜನದಲ್ಲಿ ಒಬ್ಬರಿಗೂ ತಿಳೀಲಿಲ್ಲ. ತಲೆ ಎತ್ತಿದರೆ ಸೋಮಶೇಖರ್ ಅವರು ನನ್ನ ಕಡೆನೇ ನೋಡ್ತಿದ್ದರು, ಒಂದು ಹುಬ್ಬು ಮೇಲೆತ್ತಿ.

ಊಟ ಆದ ಮೇಲೆ ಜನ ಕರಗಿದರು. ಹುಡುಗರು ಕುರ್ಚಿ ಜೋಡಿಸ್ತಿದ್ದರು. ನಾನೇ ಅವರ ಹತ್ತಿರ ಹೋಗಿ ಕೂತೆ. ಮೂರು ವಾರ ಯೋಚನೆ ಮಾಡಿದ್ದೆ, ಸಿಕ್ಕಿದರೆ ಉಸಿರಿನ ವಿಚಾರ ಕೇಳಬೇಕು, ಫೋನಿನ ವಿಚಾರಕ್ಕೆ ತಪ್ಪಾಯಿತು ಅನ್ನಬೇಕು ಅಂತ. ಬಾಯಿ ತೆಗೆಯೋಕೆ ಮೊದಲು ಸೆರಗು ಸರಿ ಮಾಡಿಕೊಂಡೆ.

ಅವರೇ ಕೇಳಿದರು. "ಒಂದು ಸೊಲ್ಲು ಹಾರಿಸ್ಬಿಟ್ರಲ್ವಮ್ಮ?"

"ಊಂ. ನಿಮ್ಗೆ ಹೆಂಗೆ ಗೊತ್ತು?"

"ಇಪ್ಪತ್ತು ವರ್ಷ ನಿಮ್ಮ ಪದ ಮುಗೀಲಿ ಅಂತ ಕಾದಿದ್ದೀನಿ. ಬಾರ್ದೇ ಇರುತ್ತಾ? ಎಷ್ಟು ಹೊತ್ತು ಎಳೀತಾರಪ್ಪ ಈ ಯಮ್ಮ ಅಂತ ಬಯ್ಕೊಂಡೇ ಕಲ್ತೆ."

"ಬಿಟ್ಟಿದ್ದು ಯಾವ್ದು, ಹೇಳಿ ನೋಡವಾ?"

"ಮಾತು ಗೊತ್ತಿಲ್ಲ ನಂಗೆ. ಧಾಟಿ ಗೊತ್ತು." ಪೀಪಿಯನ್ನ ತುಟಿಗೆ ಒತ್ತಿ ಹದ ಮಾಡಿಕೊಂಡು, ಮಗನಿಗೆ ಡೋಲು ಬೇಡ ಅಂತ ಕೈ ತೋರಿಸಿ, ಊದಿದರು. ಮೆಲ್ಲಗೆ. ವಾಲಗವನ್ನ ಅಷ್ಟು ಮೆಲ್ಲಗೆ ಊದಬಹುದು ಅಂತ ನಾನು ಕಂಡಿರಲಿಲ್ಲ. ನನ್ನ ನಾಕನೇ ಸೊಲ್ಲು. ನಾನು ಎಲ್ಲಿ ಎಳೀತೀನೋ ಅಲ್ಲಿ ಎಳೆದರು, ನಾನು ತಪ್ಪು ಮಾಡೋ ಕಡೆ ತಪ್ಪನ್ನೂ ಮಾಡಿದರು. ಅದು ತಪ್ಪು ಅಂತ ನನಗೆ ಇವತ್ತೇ ಗೊತ್ತಾಗಿದ್ದು.

ಎರಡನೇ ಸಲ ಊದಿದಾಗ ನಾನೂ ಜೊತೆಗೆ ಹೇಳಿದೆ, ಬಾಯಿ ತೆಗೆದೇ. ದಪ್ಪನೆ ದನಿ, ನಮ್ಮಪ್ಪ ಮಾತಾಡಿದಂಗಿತ್ತು. ಎರಡು ಕುರ್ಚಿ ಆಚೆಗೆ ಕೇಳ್ತಿತ್ತೋ ಇಲ್ಲವೋ. ಅವರು ಇನ್ನೂ ತಗ್ಗಿಸಿಕೊಂಡರು. ಮೂರನೇ ಸಲ ಆ ತಪ್ಪಿನ ಕಡೆ ಬೇರೆ ಥರ ತಿರುಗಿಸಿದರು, ನಾನೂ ತಿರುಗಿದೆ.

ಬಾಗಿಲಲ್ಲಿ ಪುಟ್ಟಮಾದಮ್ಮ ನಿಂತು ಕೂಗಿದಳು. "ಅಕ್ಕೋ, ಬಸ್ಸು ಒಂಟೋಯ್ತದೆ, ಎದ್ ಬಾ!"

"ನೀವು ನಡೀರಿ" ಅಂದೆ. ಕೇಳಿಸಲಿಲ್ಲ ಅವಳಿಗೆ. ನನ್ನ ಮಾತು ಅರ್ಧ ಹಾಲೂ ದಾಟಲಿಲ್ಲ. ಚಪ್ಪಲಿ ಬಿಟ್ಟು, ಕುರ್ಚಿ ಸಂದೀಲಿ ನುಸುಳಿ, ನನ್ನ ಪಕ್ಕಕ್ಕೇ ಬಂದು ಬಗ್ಗಿದಳು.

"ಏನಕ್ಕ ಅಂದೆ?"

"ಮುಂದಿನ ಬಸ್ಸಿಗೆ ಬತ್ತೀನಿ" ಅಂದೆ.

ಅವಳು ಹೋಗಲಿಲ್ಲ. ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.